ಭಾಗ್ಯಮ್ಮನಿಗೆ ಬಂದ ರಷ್ಯದ ಕಾಗದ

ಜಪಾನಿ ಸೈನ್ಯ ನುಗ್ಗಿದಾಗ ರಂಗೂನಿನಿಂದ ಕಾಲ್ನಡಿಗೆಯಲ್ಲಿ ತಪ್ಪಿಸಿಕೊಂಡು ಬರುವಾಗ ಗ್ಲೆಬ್ ಸಾವಿನ್ ತನ್ನ ಕಾದಂಬರಿಯ ಹಸ್ತಪ್ರತಿಯನ್ನು ಕಾಡಿನಲ್ಲೇ ಬಿಟ್ಟಿದ್ದ. ಹೊರಲಾಗಲಿಲ್ಲ, ಅಷ್ಟೇ. ಇಪ್ಪತ್ತೆರಡು ವರ್ಷಗಳ ಹಿಂದೆ, ಬರೆದದ್ದಕ್ಕಾಗಿ ರಷ್ಯ ಅವನನ್ನು ಗಡೀಪಾರು ಮಾಡಿತ್ತು. ಆಮೇಲೆ ಊರೂರು ಅಲೆದು, ಅನುವಾದ ಮಾಡಿ ಹೊಟ್ಟೆ ಹೊರೆದಿದ್ದ. ಈಗ ದೊಡ್ಡಬಳ್ಳಾಪುರದಲ್ಲಿ, ನೂಲಿನ ವ್ಯಾಪಾರಿ ಖಲೀಲುಲ್ಲಾನ ಮನೆಯ ಹಿಂದಿನ ಕೋಣೆಯಲ್ಲಿದ್ದ. ಪರದೇಶದವನೆಂದು ವಾರಕ್ಕೊಮ್ಮೆ ಠಾಣೆಗೆ ಹೋಗಿ ರುಜು ಹಾಕುವುದು, ಖಲೀಲುಲ್ಲಾನ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಬಿಟ್ಟರೆ ನಿದ್ದೆ ಬಾರದೆ ಬಿದ್ದುಕೊಂಡಿರುವುದು. ಎರಡು ವರ್ಷಗಳಿಂದ ಒಂದು ಸಾಲೂ ಬರೆದಿರಲಿಲ್ಲ.

೧೯೪೪ರ ಬೇಸಿಗೆಯ ಒಂದು ಬೆಳಿಗ್ಗೆ ಖಲೀಲುಲ್ಲಾ ಭಾಗ್ಯಮ್ಮನನ್ನು ಕರೆತಂದ. ಅವನ ಮಗ್ಗಗಳಿಗೆ ನೂಲು ಸುತ್ತಿಕೊಡುವ ಹೆಂಗಸು. ಅವಳ ಮಗ ಪಿಳ್ಳಪ್ಪ ಇರಾನಿನಲ್ಲಿ ರಷ್ಯದ ಸೈನ್ಯಕ್ಕೆ ಸಾಮಾನು ಸಾಗಿಸುವ ಮಿಲಿಟರಿ ಲಾರಿ ಓಡಿಸುತ್ತಿದ್ದವನು, ಚಳಿಗಾಲದಲ್ಲಿ ಸತ್ತಿದ್ದ. ಅವನ ಸಾಮಾನಿನ ಜೊತೆ ಒಂದು ಕಾಗದ ಬಂದಿತ್ತು.

“ಇದು ನಿಮ್ ಭಾಷೆಯಂತೆ. ಓದಿ ಹೇಳಿ ಸ್ವಾಮಿ,” ಎಂದಳು ಭಾಗ್ಯಮ್ಮ.

ಆಗುವುದಿಲ್ಲ ಎನ್ನೋಣವೆಂದುಕೊಂಡ ಸಾವಿನ್. ಅಷ್ಟರಲ್ಲಿ ಅವಳು ಹೊಸ್ತಿಲ ಬಳಿ ಕುಳಿತಾಗಿತ್ತು.

ಬರೆದವಳು ರಷ್ಯದ ಸೈನ್ಯದ ದಾದಿ. ಸಾವಿನ್ ತನಗೆ ಬಂದಷ್ಟು ಕನ್ನಡದಲ್ಲಿ ನಿಧಾನವಾಗಿ ಹೇಳುತ್ತಾ ಹೋದ. ಹಿಮದಲ್ಲಿ ಲಾರಿ ಉರುಳಿತ್ತು. ಹತ್ತಿರವಿದ್ದದ್ದು ಅವರ ಆಸ್ಪತ್ರೆಯೇ. ಪಿಳ್ಳಪ್ಪ ಮೂರು ದಿನ ಬದುಕಿದ್ದ. ‘ನಾನು ಗಂಜಿ ಕುಡಿಸುವಾಗಲೆಲ್ಲ ಸಾಕಮ್ಮ, ಸಾಕಮ್ಮ ಅನ್ನುತ್ತಿದ್ದ. ಹೆಂಡತಿಯ ಹೆಸರಿರಬೇಕು. ಕೊನೆಯವರೆಗೂ ನೆನೆದನೆಂದು ಆಕೆಗೆ ತಿಳಿಸಿ.’

ಭಾಗ್ಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

“ಹೆಸ್ರಲ್ಲ ಸ್ವಾಮಿ ಅದು! ಅವನ್ಗೆ ಮದುವೆನೇ ಆಗಿರ್ಲಿಲ್ಲ. ಸಾಕು, ಹೊಟ್ಟೆ ತುಂಬ್ತು ಅಂದವ್ನೆ. ಆ ತಾಯೀನ ಅಮ್ಮ ಅಂದವ್ನೆ. ಪಾಪ, ಆಕೆಗೆ ಗೊತ್ತಾಗ್ಲಿಲ್ಲ. ಹಿಂಗಂತ ಬರೀರಿ.”

“ನಾನು ಬರೆಯೋದು ಬಿಟ್ಟಿದ್ದೀನಿ ತಾಯಿ.”

“ಈ ಊರಲ್ಲಿ ಇನ್ಯಾರ್ ಬರೀತಾರೆ ಹೇಳಿ?”

ಸಾವಿನ್ ಹಾಳೆ ತೆಗೆದ. ‘ಸಾಕು’ ಎನ್ನುವುದಕ್ಕೆ ಅವನಿಗೆ ಹೊಳೆದ ರಷ್ಯನ್ ಮಾತುಗಳೆಲ್ಲ ಬೇಸತ್ತವನ ಮಾತುಗಳೇ. ಮೂರು ಸಲ ಹೊಡೆದುಹಾಕಿದ. ಕೊನೆಗೆ, ಊಟಕ್ಕೆ ಕೂತ ಮಗು ಬಡಿಸುವ ತಾಯಿಯ ಕೈ ತಡೆದು ಆಡುವ ಮಾತು ಅದು ಎಂದು ಬಿಡಿಸಿಯೇ ಬರೆದ. ಬೆಳಗೆಲ್ಲ ಅದಕ್ಕೇ ಹೋಯಿತು.

“ನಿಮ್ ಹೆಸ್ರೂ ಹಾಕಿ,” ಎಂದಳು ಭಾಗ್ಯಮ್ಮ.

“ಬೇಡ. ನನ್ನ ಹೆಸರು ಕಂಡರೆ ಅಲ್ಲಿ ಆ ಹುಡುಗಿಗೆ ತೊಂದರೆ.”

ಭಾಗ್ಯಮ್ಮನ ಹೆಸರನ್ನಷ್ಟೇ ರಷ್ಯನ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿದ. ಖಲೀಲುಲ್ಲಾ ಕಾಗದವನ್ನು ಅಂಚೆಗೆ ಒಯ್ದ. ಸಾವಿನ್ ಬಾಗಿಲನ್ನೂ ಹಾಕದೆ ಚಾಪೆಯ ಮೇಲೆ ಉರುಳಿಕೊಂಡ. ಬಹಳ ದಣಿದಿದ್ದ, ನಿದ್ದೆಯೂ ಬಂತು.