ವೃತ್ತದೊಳಗೆ ಬಸ್ಸು ನಿಲ್ಲಿಸುವ ಅಪ್ಪ

ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಹಳೇ ಟೈರುಗಳನ್ನು ಗುಂಡಗೆ ಜೋಡಿಸಿ ನಗರಪಾಲಿಕೆಯ ರಸ್ತೆ ಎಂಜಿನಿಯರಾದ ನಾನೊಂದು ವೃತ್ತ ಮಾಡಿಸಿದ್ದೆ. ಹತ್ತು ದಿನದ ಪ್ರಯೋಗ. ಕೊನೆಯ ದಿನ ಮುಖ್ಯ ಎಂಜಿನಿಯರ್ ಬಂದು ನೋಡುತ್ತಾರೆ. ಒಪ್ಪಿದರೆ ಕಲ್ಲು ಕಟ್ಟಿಸುತ್ತಾರೆ, ಇಲ್ಲದಿದ್ದರೆ ಟೈರು ಎತ್ತಿಸುತ್ತಾರೆ. ಎತ್ತಿಸಿದರೆ ಮತ್ತೆ ಹಳೇ ಕಥೆ. ಹೋದ ವರ್ಷ ಅಲ್ಲಿ ಮೂವರು ಸತ್ತಿದ್ದರು, ಮೂವರಿಗೂ ಗಾಡಿ ಪಕ್ಕದಿಂದ ಬಂದು ಗುದ್ದಿತ್ತು. ವೃತ್ತವಿದ್ದರೆ ಯಾರೂ ನೇರವಾಗಿ ನುಗ್ಗುವ ಹಾಗಿಲ್ಲ, ಎಲ್ಲರೂ ವೇಗ ಇಳಿಸಿ ತಿರುಗಲೇಬೇಕು. ತಪ್ಪಾದರೂ ಹೆಚ್ಚಾಗಿ ಗಾಡಿಯ ಬಣ್ಣ ಕೆರೆದೀತು, ಅಷ್ಟೆ. ಇದನ್ನು ಕಚೇರಿಯಲ್ಲಿ ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಗಿತ್ತು.

ಐದನೇ ದಿನ ಬೆಳಿಗ್ಗೆ ವೃತ್ತ ಕಗ್ಗಂಟಾಯಿತು. ಓಡಿಹೋಗಿ ನೋಡಿದರೆ ಒಳಗೆ ಒಂದು ಸಿಟಿ ಬಸ್ಸು ನಿಂತಿದೆ. ಅದರ ಡ್ರೈವರು ಕಿಟಕಿಯಿಂದ ಕೈ ಚಾಚಿ, ಹೊರಗೆ ಕಾಯುತ್ತಿದ್ದ ಶಾಲಾ ವ್ಯಾನನ್ನು ಬಾ ಬಾ ಎಂದು ಕರೆಯುತ್ತಿದ್ದಾರೆ. ಆ ಪುಣ್ಯಾತ್ಮರು ನಮ್ಮಪ್ಪ.

ಮೂವತ್ತೊಂದು ವರ್ಷದಿಂದ ಎಲ್ಲರಿಗೂ ದಾರಿ ಬಿಟ್ಟೂ ಬಿಟ್ಟೂ ಡಿಪೋದಲ್ಲಿ ಅವರಿಗೆ 'ದಾರಿಬಿಡಪ್ಪ' ಎಂದೇ ಹೆಸರು. ಅವರನ್ನು ನೋಡಿ ಉಳಿದ ಡ್ರೈವರುಗಳೂ ನಿಲ್ಲಿಸತೊಡಗಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ನನಗೆ ಸ್ವಂತ ಅಪ್ಪನೇ ತಲೆನೋವಾಗಿದ್ದರು.

ಊಟಕ್ಕೆ ಕೂತಾಗ ಹಿಡಿದುಕೊಂಡೆ.

"ಅಪ್ಪಾ, ಒಳಗಿರೋರು ನಿಲ್ಲಬಾರದು. ಒಳಗೆ ಬರೋರು ಕಾಯಬೇಕು."

"ಮಕ್ಕಳ ವ್ಯಾನಮ್ಮಾ ಅದು. ಅಷ್ಟೂ ಮಾಡಬಾರದಾ?"

"ನೀವು ನಿಂತರೆ ನಿಮ್ಮ ಹಿಂದಿರೋರೂ ನಿಲ್ತಾರೆ, ಹೊರಗೆ ಹೋಗೋ ದಾರಿಯೇ ಮುಚ್ಚಿಹೋಗುತ್ತೆ. ಆಮೇಲೆ ಮಕ್ಕಳೂ ಅಲ್ಲೇ, ನೀವೂ ಅಲ್ಲೇ."

"ನನಗೇ ಗಾಡಿ ಓಡಿಸೋದು ಹೇಳಿಕೊಡ್ತೀಯಾ?"

"ಹೂಂ, ಹೇಳಿಕೊಡ್ತೀನಿ."

ಬಡಿಸುತ್ತಿದ್ದ ಅಮ್ಮ ಅಲ್ಲೇ ನಿಂತಳು. ನಾನು ನೀರಿನ ಚೊಂಬನ್ನು ಮಧ್ಯೆ ಇಟ್ಟು ಅದರ ಸುತ್ತ ಲೋಟ ಓಡಿಸಿದೆ. ವೇಗ ಇಳಿಸಬೇಕು, ಬಲಗಡೆ ನೋಡಬೇಕು, ಗಾಡಿ ಬರುತ್ತಿದ್ದರೆ ಕಾಯಬೇಕು, ಜಾಗ ಸಿಕ್ಕಾಗ ಸೇರಿಕೊಳ್ಳಬೇಕು. ಹೊರಬೀಳುವ ಮೊದಲು ಎಡ ಇಂಡಿಕೇಟರ್. ಒಳಗೆ ಸೇರಿದ ಮೇಲೆ ರಸ್ತೆ ದಾಟುವವರಿದ್ದರೆ ಮಾತ್ರ ನಿಲ್ಲಬೇಕು. ಅಪ್ಪ ಆ ಲೋಟವನ್ನೇ ಕಿತ್ತುಕೊಂಡು ನೀರು ಕುಡಿದು ಎದ್ದುಹೋದರು.

ನಾನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಮೊದಲ ಬಸ್ಸು ಹೊರಡುವ ಮುಂಚೆ ಡಿಪೋ ಅಂಗಳದಲ್ಲಿ ಸೀಮೆಸುಣ್ಣದಿಂದ ವೃತ್ತ ಬರೆದು, ಡ್ರೈವರುಗಳನ್ನು ಅದರ ಸುತ್ತ ನಡೆಸಿದೆ. ಕೆಲವರು ನಕ್ಕರು, ನಗಲಿ ಬಿಡಿ ಎಂದು ಮತ್ತೆ ನಡೆಸಿದೆ. ಅಪ್ಪ ದೂರದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು.

ಹತ್ತನೇ ದಿನ ಮುಖ್ಯ ಎಂಜಿನಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಕಾರು ಓಡಿಸಿದೆ. ವೃತ್ತದ ಅಂಚಿಗೆ ಬಂದು ನಿಂತರೆ ಬಲಗಡೆಯಿಂದ ಬರುತ್ತಿದ್ದದ್ದು ಅಪ್ಪನ ಬಸ್ಸೇ. ನನ್ನನ್ನು ನೋಡಿದರು. ದಾರಿಹೋಕರಿಗೇ ನಿಲ್ಲಿಸುವವರು ಮಗಳಿಗೆ ನಿಲ್ಲಿಸದೆ ಇರುತ್ತಾರೆಯೇ? ಎಲ್ಲ ಮುಗಿಯಿತು ಎಂದುಕೊಂಡೆ. ಅವರ ಕೈ ಕಿಟಕಿಯಿಂದ ಹೊರಗೂ ಬಂತು.

ಆಮೇಲೆ ಹಾಗೇ ಒಳಗೆ ಹೋಯಿತು. ಬಸ್ಸು ನನ್ನ ಮೂಗಿನ ಮುಂದೆಯೇ ನಿಧಾನವಾಗಿ ಹಾದು, ಎಡ ಇಂಡಿಕೇಟರ್ ಹಾಕಿಕೊಂಡು ಹೊರಟುಹೋಯಿತು. ಅದರ ಹಿಂದೆ ಇನ್ನೊಂದು ಬಸ್ಸು, ಎರಡು ಸ್ಕೂಟರು, ಯಾವುದೂ ನಿಲ್ಲಲಿಲ್ಲ.

"ಅಚ್ಚುಕಟ್ಟಾಗಿ ಹೋದ್ರಲ್ಲ, ಕಲ್ಲು ಕಟ್ಟಿಸೋಣ. ಯಾರಮ್ಮಾ ಆ ಡ್ರೈವರು?" ಎಂದರು ಮುಖ್ಯ ಎಂಜಿನಿಯರ್.

"ನಮ್ಮಪ್ಪ, ಸಾರ್."

ನಾನು ಹುಟ್ಟಿದಾಗಿನಿಂದ ಅಪ್ಪ ನನಗಾಗಿ ನಿಲ್ಲದೆ ಹೋದದ್ದು ಅದೇ ಮೊದಲು. ಸಂತೋಷದಲ್ಲಿ ಅವರ ಬಸ್ಸು ಹೋದ ದಾರಿಯನ್ನೇ ನೋಡುತ್ತ ಕೂತೆ. ವೃತ್ತದಲ್ಲಿ ಜಾಗ ಖಾಲಿಯಾಗಿರುವುದು ಹಿಂದಿನವನು ಹಾರನ್ ಹೊಡೆದ ಮೇಲೆಯೇ ನನಗೆ ಕಂಡದ್ದು.