ಕೆಂಪು ದೀಪದ ಮೇಲಿನ ಗುಮಾನಿ

ಎಲೆಕ್ಟ್ರಿಷಿಯನ್‌ಗೆ ಆಸ್ಪತ್ರೆಯ ಆ ಕೆಂಪು ದೀಪದ ಮೇಲೆ ಮೊದಲ ದಿನದಿಂದಲೇ ಗುಮಾನಿ. ಕ್ಯಾನ್ಸರ್ ಔಷಧಿಯಿಂದ ಮಗಳ ಬಾಯ್ತುಂಬ ಹುಣ್ಣು. ಗುಟುಕು ನೀರು ಕುಡಿಯಲೂ ಅಳು. ಬಾಯೊಳಗೆ ಈ ದೀಪ ಹಿಡಿದರೆ ಹುಣ್ಣು ಮಾಯುತ್ತದಂತೆ! ಬಿಸಿಯೇ ಇಲ್ಲದ ಬೆಳಕು ಏನು ಮಾಡೀತು? ಜೀವಮಾನವೆಲ್ಲ ದೀಪ ಹಾಕಿಕೊಂಡೇ ಬಂದವನ ಕಿವಿಗೆ ಹೂವಿಡುತ್ತಿದ್ದಾರೆ ಎಂದುಕೊಂಡ.

ಆದರೂ ಬೇಡ ಎನ್ನುವ ಧೈರ್ಯವಿಲ್ಲ. ಹೀಗೇ ಊಟ ಬಿಟ್ಟರೆ ಮೂಗಿನಿಂದ ನಳಿಕೆ ಇಳಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರ್. ಮಗಳೋ, ಬೆಳಕು ತಾಗದಂತೆ ಕಣ್ಣು ಪೂರ್ತಿ ಮುಚ್ಚುವ ಕಪ್ಪು ಕನ್ನಡಕ ಹಾಕಿ ದೀಪ ಹತ್ತಿರ ತಂದರೆ ಸಾಕು, ಹಲ್ಲು ಕಚ್ಚಿ ಒದೆಯುತ್ತಿದ್ದಳು. ಹುಟ್ಟಿನಿಂದ ಕಿವಿ ಕೇಳದ, ಕೈಸನ್ನೆಯಲ್ಲೇ ಮಾತಾಡುವ ಹುಡುಗಿ. ಅಪ್ಪನೇ ಅವಳ ಎರಡೂ ಕೈ ಅದುಮಿ ಹಿಡಿಯುತ್ತಿದ್ದ.

ಇವತ್ತೂ ಅದೇ ರಂಪ. ಅವನ ಪಿತ್ತ ನೆತ್ತಿಗೇರಿತು.

"ಕರೆಂಟ್ ಹೊಡೀತಿದೆ ಕಣ್ರೀ ಇದು! ಇಲ್ದಿದ್ರೆ ಮಗು ಯಾಕೆ ಹಿಂಗೆ ಬೆಚ್ಚಿ ಬೀಳುತ್ತೆ?" ಎನ್ನುತ್ತ ಜೇಬಿನ ಟೆಸ್ಟರ್ ತೆಗೆದು ಯಂತ್ರದ ಮೈಗೆಲ್ಲ ಮುಟ್ಟಿಸಿದ. ಟೆಸ್ಟರ್ ಎಲ್ಲೂ ಮಿನುಗಲಿಲ್ಲ.

"ನಿಮ್ಮ ಬಾಯಿಗೇ ಹಿಡೀತೀನಿ, ಬನ್ನಿ ಅಣ್ಣ," ಎಂದಳು ನರ್ಸ್, ನಗು ತಡೆದುಕೊಂಡು.

ಮಗಳನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ತಾನೇ ಕನ್ನಡಕ ಹಾಕಿಕೊಂಡು ಕುರ್ಚಿಗೆ ಒರಗಿದ. ಕಣ್ಣಿಗೆ ಕಗ್ಗತ್ತಲೆ. ಬಾಯಲ್ಲಿ ನೋವೂ ಇಲ್ಲ, ಬಿಸಿಯೂ ಇಲ್ಲ. ಯಾರೋ ತೋಳು ಜಗ್ಗಿದರು, ಕೊಡವಿಕೊಂಡ. ಮತ್ತೆ ಜಗ್ಗಿದಾಗ ಕನ್ನಡಕ ಕಿತ್ತು ನೋಡಿದ. ಮಗಳು ಎದುರಿಗೆ ನಿಂತು ಅಳುತ್ತಾ ಸನ್ನೆ ಮಾಡುತ್ತಿದ್ದಳು: "ಅಪ್ಪ, ನೋವಾಗ್ತಿದ್ಯಾ? ನಿಲ್ಸೋಕೆ ಹೇಳ್ಲಾ?" ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ, ಅವನಿಗೆ ಕಂಡೇ ಇರಲಿಲ್ಲ.

ಆ ಕತ್ತಲೆಯಲ್ಲಿ ಇವಳಿಗೆ ಯಾರ ಮಾತೂ ಕಾಣದು. ಇವಳ ಮಾತೆಲ್ಲ ಇರುವ ಕೈಗಳನ್ನೋ, ಇಷ್ಟು ದಿನ ತಾನೇ ಅದುಮಿ ಹಿಡಿದಿದ್ದ. ಬಾಯಿ ತೆರೆಸಲು ಹೋಗಿ ಮಗಳ ಬಾಯಿ ಕಟ್ಟಿದ್ದ. ನಾಚಿಕೆಯಿಂದ ಭೂಮಿಗಿಳಿದು ಹೋದ.

"ಕೈ ಎತ್ತಿದ್ರೆ ತಕ್ಷಣ ನಿಲ್ಸ್ತಾರೆ. ನಿನ್ನಾಣೆ," ಎಂದು ಸನ್ನೆ ಮಾಡಿದ. ಅವಳು ಅಪ್ಪನನ್ನೂ ನರ್ಸನ್ನೂ ದುರುಗುಟ್ಟಿ ನೋಡಿ, ಕನ್ನಡಕ ಹಾಕಿಕೊಂಡಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಅವಳು ಬಾಯಿ ತೆರೆದಳು. ದೀಪ ಹತ್ತಿ ತುಟಿಗೆ ತಾಗಿದ್ದೇ ತಡ, ಕೈ ಎತ್ತಿದಳು.

"ನಿಲ್ಸಿ!" ಎಂದು ಅವನು ಕಿರುಚಿದ. ನರ್ಸ್ ದೀಪ ಆರಿಸಿದಳು.

ಹುಡುಗಿ ಕನ್ನಡಕ ಸರಿಸಿ, ಆರಿದ ದೀಪವನ್ನು ದಿಟ್ಟಿಸಿದಳು.

"ನೋವಾಯ್ತಾ ಪುಟ್ಟಿ?" ಅಪ್ಪ ಸನ್ನೆಯಲ್ಲಿ ಕೇಳಿದ.

"ಇಲ್ಲ," ಎಂದವು ಅವಳ ಕೈಗಳು. "ನಿಜವಾಗ್ಲೂ ನಿಲ್ಸ್ತೀರಾ ಅಂತ ನೋಡ್ದೆ."

ಮತ್ತೆ ಕನ್ನಡಕ ಏರಿಸಿ, ಬಾಯಿ ಅಗಲವಾಗಿ ತೆರೆದಳು.