ಕಂಬಕ್ಕೆ ಹೊಡೆದ ಹೆಸರು

ನಾನು ಒಂದು ಖೋಖೋ ಕಂಬ. ಹೊನ್ನೆ ದಿಮ್ಮಿಯಿಂದ ನನ್ನನ್ನು ಮಾಡಿದವರು ಬಡಗಿ ಪಾಪಾಚಾರ್. "ಮಕ್ಳು ಓಡ್ಬಂದು ಹಿಡಿಯೋದು, ಒಂದು ಸಿಬುರೂ ಇರ್ಕೂಡದು" ಎನ್ನುತ್ತಾ ಮೂರು ದಿನ ಉಪ್ಪುಕಾಗದ ಹಾಕಿ ಉಜ್ಜಿದರು. ಆಮೇಲೆ ಕಪಿನಿ ಹೊಳೆ ದಂಡೆಯ ಕಾಲೇಜೊಂದರ ಮೈದಾನದಲ್ಲಿ ನನ್ನನ್ನು ನೆಟ್ಟರು. ಒಂಬತ್ತು ವರ್ಷ ನನ್ನ ಬಳಿ ಸುಳಿದವರೆಂದರೆ ಆಡುವ ಹುಡುಗಿಯರು ಮತ್ತು ಮೈ ಉಜ್ಜಿಕೊಳ್ಳುವ ಎಮ್ಮೆಗಳು.

ಖೋಖೋದಲ್ಲಿ ಬೆನ್ನಟ್ಟುವವಳು ನಡುವೆ ಹಿಂದಿರುಗುವಂತಿಲ್ಲ, ಕಂಬ ಸುತ್ತಿಯೇ ಬರಬೇಕು. ನಾಯಕಿ ಶಿವಮಣಿ ಬಲಗೈಯಲ್ಲಿ ನನ್ನ ತಲೆ ಹಿಡಿದು ಇಡೀ ಮೈಯನ್ನು ಗಾಳಿಗೆ ಚೆಲ್ಲುತ್ತಿದ್ದಳು. ಹಾಗೆ ಚೆಲ್ಲಿಯೇ ಆ ವರ್ಷ ವಿಶ್ವವಿದ್ಯಾಲಯದ ಕಪ್ ತಂದಳು.

ಮರುವಾರವೇ ನಮ್ಮ ಕಾಲೇಜಿಗೆ ಹಳೇ ವಿದ್ಯಾರ್ಥಿಗಳಿದ್ದಾರೆಂಬುದು ಬೆಳಕಿಗೆ ಬಂತು. ಚಾವಣಿಯೇ ಇಲ್ಲದ ಮೈದಾನಕ್ಕೆ ಮೂರು ಸೀಲಿಂಗ್ ಫ್ಯಾನು ಬಂದವು, ರೆಕ್ಕೆರೆಕ್ಕೆಗೂ ದಾನಿಗಳ ಹೆಸರು. ಹುಡುಗಿಯರ ಅಂಗಿಯ ಮೇಲೆ ದಾನಿಗಳ ಹೆಸರು ತುಂಬಿ ನಂಬರಿಗೆ ಜಾಗವಿಲ್ಲದಾಯಿತು.

ವಿಶ್ವವಿದ್ಯಾಲಯ ತಂಡದ ಆಯ್ಕೆ ನಮ್ಮ ಮೈದಾನದಲ್ಲೇ ನಡೆಯುವುದೆಂದಾಯಿತು. ಶಿವಮಣಿಗೆ ಅದು ಕೊನೆಯ ವರ್ಷ, ಕೊನೆಯ ಅವಕಾಶ. ಆಯ್ಕೆಯ ದಿನ ಬೆಳಿಗ್ಗೆ ಹಳೇ ವಿದ್ಯಾರ್ಥಿ ಸಂಘದ ಅಧ್ಯಕ್ಷ ಬಸವಲಿಂಗಪ್ಪ, ತೀರಿಹೋದ ತಂದೆಯ ಹೆಸರು ಕೆತ್ತಿಸಿದ ಹಿತ್ತಾಳೆ ತಗಡು ಹಿಡಿದು ಬಂದರು.

"ಎದ್ದು ಕಾಣೋ ಹಂಗೆ ಮೇಲೇ ಹೊಡೀರಿ."

"ಮಕ್ಳು ಕೈಲಿ ಹಿಡಿಯೋ ಜಾಗ ಸಾರ್ ಅದು" ಎಂದರು ಪಿ.ಟಿ. ಮೇಷ್ಟ್ರು ಜವರಪ್ಪ.

"ಹಿಡೀಲಿ ಬಿಡಿ ಮೇಷ್ಟ್ರೇ. ನಮ್ಮಪ್ಪಾಜಿ ಆಶೀರ್ವಾದ ಸಿಕ್ತದೆ."

ಎರಡು ಮೊಳೆ ಹೊಕ್ಕವು. ತಗಡಿನ ಒಂದು ಮೂಲೆ ಎದ್ದೇ ಉಳಿಯಿತು.

ಮಧ್ಯಾಹ್ನ ಶಿವಮಣಿ ಎಂದಿನ ವೇಗದಲ್ಲೇ ಬಂದಳು. ನನ್ನ ತಲೆ ಹಿಡಿದಳು, ಮೈ ಚೆಲ್ಲಿದಳು. ಅವಳ ಅಂಗೈ ಸೀಳಿದ ಸದ್ದು ನನ್ನೊಳಗೆ ಇಳಿಯಿತು. ನಾನು ಮರಗಟ್ಟಿಹೋದೆ, ಮರಕ್ಕೂ ಹಾಗಾಗುತ್ತದೆಂದು ಅಂದೇ ತಿಳಿದದ್ದು. ರಕ್ತ ಕೆತ್ತನೆಯ ಗೀಟುಗಳೊಳಗೆ ಹರಿದು ತುಂಬಿ, ಬಸವಲಿಂಗಪ್ಪನವರ ತಂದೆಯ ಹೆಸರು ದೂರದಿಂದಲೂ ಓದುವಷ್ಟು ಸ್ಪಷ್ಟವಾಯಿತು. ಅವರು ಓಡಿಬಂದು ಕಾರಿನ ಬೀಗದ ಕೈಯಿಂದ ಮೊಳೆ ಮೀಟತೊಡಗಿದರು. ಮೊಳೆ ಕಿತ್ತು ಬಂತು. ಶಿವಮಣಿಯ ಕೈ ಮಾತ್ರ ಅಂದು ಮತ್ತೆ ಮುಷ್ಟಿಯಾಗಲಿಲ್ಲ, ಪಟ್ಟಿಯಲ್ಲಿ ಅವಳ ಹೆಸರೂ ಬರಲಿಲ್ಲ.

ಸಂಘದ ಮುಂದಿನ ಕೊಡುಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಮುಚ್ಚಳದ ಮೇಲೆ ಆರು ಹೆಸರು. ಮರುವರ್ಷ ತಂಡ ಸೋತಿತು; ಹಳೇ ವಿದ್ಯಾರ್ಥಿಗಳು ಮತ್ತೆ ಕಣ್ಮರೆಯಾದರು.

ಈಗ ಬುಡ ಗೆದ್ದಲು ತಿಂದ ನಾನು ಮೇಷ್ಟ್ರ ಕೋಣೆಯ ಮೂಲೆಯಲ್ಲಿ ಒರಗಿದ್ದೇನೆ. ಮೊನ್ನೆ ಶಿವಮಣಿ ಬಂದಿದ್ದಳು. ಈಗ ಅವಳೂ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಹೆಗಲ ಮೇಲೆ ತನ್ನ ಶಾಲೆಗೆ ಮಾಡಿಸಿದ ಹೊಸ ಕಂಬ.

"ದಾನಿಗಳ ಹೆಸ್ರು ಬರ್ಸಿದ್ಯೇನವ್ವಾ?" ಎಂದು ಜವರಪ್ಪ ಅಂಜುತ್ತಲೇ ಕೇಳಿದರು.

"ಬರ್ಸಿದೀನಿ ಸಾರ್. ಮಣ್ಣೊಳಕ್ಕೆ ಹೋಗೋ ತುದೀಲಿ."

ಇಷ್ಟು ವಯಸ್ಸಾಯಿತು, ಇನ್ನು ಬೆಚ್ಚಿಬೀಳುವಂಥದ್ದೇನೂ ಉಳಿದಿಲ್ಲವೆಂದುಕೊಂಡಿದ್ದೆ. ಹೂಳುವುದಕ್ಕೆಂದೇ ಹೆಸರು ಬರೆಸಿದವರನ್ನು ನಾನು ಕಂಡಿರಲಿಲ್ಲ.